ಸಾವಿನೆದುರು ಗಡಿ ದಾಟಿದ ನಾಯಕ: ಸ್ಟೀವ್ ಮೆಕ್‌ಕ್ವೀನ್ ಬದುಕು ಮತ್ತು ಹುಸಿ ಮದ್ದಿನ ಕಥೆ

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ 'ಶೋಲೆ'ಗೆ ಪ್ರೇರಣೆಯಾದ ಚಿತ್ರಗಳ ಮಾತು ಬಂದಾಗಲೆಲ್ಲ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಹೆಸರು ತಪ್ಪದೆ ಕೇಳಿಬರುತ್ತದೆ. ಜಪಾನಿನ ಅಕಿರಾ ಕುರೋಸಾವಾ ಅವರ 'ಸೆವೆನ್ ಸಮುರಾಯ್' ಕಥೆಯನ್ನು ಅಮೆರಿಕದ ಕೌಬಾಯ್ ಲೋಕಕ್ಕೆ ಒಗ್ಗಿಸಿದ 1960ರ ಚಿತ್ರವದು. ಅದರಲ್ಲಿ ಹೆಚ್ಚು ಮಾತನಾಡದೆ, ಟೋಪಿಯ ಅಂಚು ಸರಿಪಡಿಸಿಕೊಳ್ಳುವಂಥ ಸಣ್ಣ ಚಲನೆಯಿಂದಲೇ ಪ್ರೇಕ್ಷಕರ ದೃಷ್ಟಿಯನ್ನು ತನ್ನತ್ತ ಸೆಳೆದುಕೊಂಡ ನಟ ಸ್ಟೀವ್ ಮೆಕ್‌ಕ್ವೀನ್. ಅರವತ್ತು ಮತ್ತು ಎಪ್ಪತ್ತರ ದಶಕಗಳಲ್ಲಿ ಇಂಗ್ಲಿಷ್ ಚಿತ್ರಗಳ ಬೆನ್ನುಹತ್ತಿದ್ದ ತಲೆಮಾರಿಗೆ ಈ ಹೆಸರು ಅಪರಿಚಿತವೇನಲ್ಲ.

ಮೆಕ್‌ಕ್ವೀನ್ ತೀರಿಕೊಂಡಿದ್ದು 1980ರ ನವೆಂಬರ್ 7ರಂದು, ಐವತ್ತರ ವಯಸ್ಸಿನಲ್ಲಿ, ಮೆಕ್ಸಿಕೊದ ಸಿಯುದಾದ್ ಹ್ವಾರೆಸ್ ಪಟ್ಟಣದ ಪುಟ್ಟ ಆಸ್ಪತ್ರೆಯೊಂದರಲ್ಲಿ. ಜಗತ್ತಿನ ಅತ್ಯಂತ ದುಬಾರಿ ನಟರ ಸಾಲಿನಲ್ಲಿದ್ದ ವ್ಯಕ್ತಿ ತಾಯ್ನಾಡಿನ ಸುಸಜ್ಜಿತ ಆಸ್ಪತ್ರೆಗಳನ್ನು ಬಿಟ್ಟು ಗಡಿಯಾಚೆ ಹೋಗಿದ್ದೇಕೆ? ಬಾಳಿನ ಕೊನೆಯ ತಿಂಗಳುಗಳನ್ನು ದಂತವೈದ್ಯನೊಬ್ಬನ ಕೈಗೆ ಒಪ್ಪಿಸಿದ್ದೇಕೆ? ಅವರ ಚಿತ್ರಗಳಷ್ಟೇ ಈ ಪ್ರಶ್ನೆಯೂ ಇಂದಿಗೂ ಚರ್ಚೆಯಾಗುತ್ತಿದೆ. ಕ್ಯಾನ್ಸರ್ ವಾಸಿಯಾಗುತ್ತದೆಂಬ ಹುಸಿ ಭರವಸೆ ಯಾರನ್ನು, ಯಾವ ಗಳಿಗೆಯಲ್ಲಿ, ಹೇಗೆ ಹಿಡಿಯುತ್ತದೆ ಎಂಬುದಕ್ಕೆ ಈ ಬದುಕಿಗಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ನೆಲೆಯಿಲ್ಲದ ಬಾಲ್ಯ

ಟೆರೆನ್ಸ್ ಸ್ಟೀವನ್ ಮೆಕ್‌ಕ್ವೀನ್ ಜನಿಸಿದ್ದು 1930ರ ಮಾರ್ಚ್ 24ರಂದು, ಇಂಡಿಯಾನಾ ರಾಜ್ಯದ ಬೀಚ್ ಗ್ರೋವ್‌ನಲ್ಲಿ. ಅಮೆರಿಕ ಆರ್ಥಿಕ ಮಹಾಕುಸಿತದಲ್ಲಿ ತತ್ತರಿಸುತ್ತಿದ್ದ ಕಾಲವದು. ತಂದೆ ವಿಲಿಯಂ ಊರೂರು ಸುತ್ತಿ ವಿಮಾನ ಸಾಹಸ ಪ್ರದರ್ಶಿಸುತ್ತಿದ್ದ ಪೈಲಟ್. ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ಸಂಸಾರ ತೊರೆದು ಹೋದವರು ಮತ್ತೆ ಹಿಂದಿರುಗಲಿಲ್ಲ. ಎಳೆಯ ಪ್ರಾಯದ ತಾಯಿಗೆ ಮಗುವನ್ನು ಸಾಕುವ ಚೈತನ್ಯವಿರಲಿಲ್ಲ. ಹೀಗಾಗಿ ಬಾಲಕ ಬೆಳೆದಿದ್ದು ಮಿಸೌರಿ ರಾಜ್ಯದ ಸ್ಲೇಟರ್ ಎಂಬ ಊರಿನಲ್ಲಿ, ಅಜ್ಜ ಅಜ್ಜಿ ಹಾಗೂ ತಾಯಿಯ ಸೋದರಮಾವ ಕ್ಲಾಡ್ ಅವರ ಆಸರೆಯಲ್ಲಿ. ಹುಟ್ಟುಹಬ್ಬಕ್ಕೆ ಕ್ಲಾಡ್ ಕೊಡಿಸಿದ ಕೆಂಪು ಬಣ್ಣದ ಮೂರು ಚಕ್ರದ ಸೈಕಲ್ಲೇ ವೇಗದ ಹುಚ್ಚಿಗೆ ನಾಂದಿಯಾಯಿತೆಂದು ಮೆಕ್‌ಕ್ವೀನ್ ಮುಂದೆ ನೆನೆಯುತ್ತಿದ್ದರು.

ಕಿವಿಯ ಸೋಂಕಿನಿಂದ ಬಾಲಕನ ಶ್ರವಣಶಕ್ತಿ ಭಾಗಶಃ ಕುಂದಿತ್ತು. ಅಕ್ಷರಗಳನ್ನು ಗುರುತಿಸಿ ಓದುವುದೂ ತೊಡಕಾಗಿತ್ತು. ತಾಯಿ ಮರುಮದುವೆಯಾದ ಬಳಿಕ ಮಲತಂದೆಯ ಹೊಡೆತ ತಾಳಲಾರದೆ ಮನೆ ಬಿಟ್ಟು ಓಡಿಹೋಗುವುದು, ಬೀದಿ ಪುಂಡರ ಸಹವಾಸ, ಸಣ್ಣಪುಟ್ಟ ಕಳವು ಇವೆಲ್ಲ ಆರಂಭವಾದವು. ಕೊನೆಗೆ ಕ್ಯಾಲಿಫೋರ್ನಿಯಾದ ಚೀನೊ ಎಂಬಲ್ಲಿದ್ದ ಬಾಯ್ಸ್ ರಿಪಬ್ಲಿಕ್ ಎಂಬ ಸುಧಾರಣಾ ಶಾಲೆಗೆ ಅವರನ್ನು ಸೇರಿಸಲಾಯಿತು. ಅಲ್ಲಿ ಕಲಿತ ಶಿಸ್ತಿನ ಋಣವನ್ನು ಅವರು ಮರೆಯಲಿಲ್ಲ. ತಾರೆಯಾದ ಮೇಲೂ ಆ ಶಾಲೆಗೆ ಭೇಟಿ ನೀಡಿ ಹುಡುಗರೊಂದಿಗೆ ಕಾಲ ಕಳೆಯುತ್ತಿದ್ದರು. ಚಿತ್ರ ನಿರ್ಮಾಪಕರಿಂದ ಸಂಭಾವನೆಯ ಜತೆಗೆ ಜೀನ್ಸ್, ಕ್ಷೌರದ ಸಲಕರಣೆಗಳನ್ನು ರಾಶಿಗಟ್ಟಲೆ ಕೇಳಿ ಪಡೆದು ಸದ್ದಿಲ್ಲದೆ ಅಲ್ಲಿಗೆ ಕಳುಹಿಸುತ್ತಿದ್ದರೆಂಬುದು ಬಹುಕಾಲ ಹೊರಜಗತ್ತಿಗೆ ತಿಳಿದಿರಲಿಲ್ಲ.

ಎದೆಗಿಳಿದ ನಾರು

1947ರಲ್ಲಿ ಮೆಕ್‌ಕ್ವೀನ್ ಅಮೆರಿಕದ ಮರೀನ್ ದಳಕ್ಕೆ ಸೇರಿದರು. ಆರಂಭದಲ್ಲಿ ಅಲ್ಲಿಯೂ ಅಶಿಸ್ತಿಗೆ ಹೆಸರಾದರು. ರಜೆ ಮುಗಿದರೂ ಹಿಂದಿರುಗದ ತಪ್ಪಿಗೆ 41 ದಿನಗಳ ಸೆರೆವಾಸವನ್ನೂ ಅನುಭವಿಸಿದರು. ಆದರೆ ಉತ್ತರ ಧ್ರುವ ಪ್ರದೇಶದ ತಾಲೀಮಿನ ವೇಳೆ ಮಂಜುಗಡ್ಡೆ ಕುಸಿದು ನೀರಿಗೆ ಬಿದ್ದ ಐವರು ಸಹ ಯೋಧರನ್ನು ರಕ್ಷಿಸಿ ಮೆಚ್ಚುಗೆ ಗಳಿಸಿದರು. ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ವಿಹಾರ ನೌಕೆಯ ಕಾವಲು ಪಡೆಗೂ ಆಯ್ಕೆಯಾದರು. 1950ರಲ್ಲಿ ಗೌರವಯುತವಾಗಿ ಸೇವೆಯಿಂದ ಬಿಡುಗಡೆ ಹೊಂದಿದರು.

ಈ ಮೂರು ವರ್ಷಗಳಲ್ಲಿ ಆಗ ಯಾರೂ ಗಮನಿಸದ ಒಂದು ಸಂಗತಿ ನಡೆದಿತ್ತು. ಶಿಕ್ಷೆಯ ಭಾಗವಾಗಿ ಅವರನ್ನು ಹಡಗಿನ ಎಂಜಿನ್ ಕೋಣೆಯ ಕೆಲಸಕ್ಕೆ ಹಚ್ಚಲಾಗಿತ್ತು. ಅಲ್ಲಿನ ಬಿಸಿ ಕೊಳವೆಗಳಿಗೆ ಸುತ್ತಿದ್ದ ಹೊದಿಕೆಯನ್ನು ಕಿತ್ತು ತೆಗೆಯುವುದು ಅವರ ಕೆಲಸ. ಆ ಹೊದಿಕೆ ಆಸ್ಬೆಸ್ಟಾಸ್, ಅಂದರೆ ಕಲ್ನಾರಿನಿಂದ ಮಾಡಿದ್ದು. ಬೆಂಕಿಗೆ ಜಗ್ಗದ, ಅಗ್ಗದ ದರಕ್ಕೆ ಸಿಗುವ ಈ ಖನಿಜ ಅಂದಿನ ಹಡಗು, ಕಾರ್ಖಾನೆ, ಕಟ್ಟಡಗಳಲ್ಲೆಲ್ಲ ಯಥೇಚ್ಛವಾಗಿ ಬಳಕೆಯಾಗುತ್ತಿತ್ತು. ಕಿತ್ತಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನಾರುಗಳಿರುತ್ತವೆ. ಉಸಿರಿನೊಡನೆ ಒಳಸೇರಿದ ನಾರು ಶ್ವಾಸಕೋಶವನ್ನು ಆವರಿಸಿರುವ ತೆಳುಪೊರೆಯನ್ನು ತಲುಪಿದರೆ, ಇಪ್ಪತ್ತರಿಂದ ಐವತ್ತು ವರ್ಷಗಳಷ್ಟು ಕಾಲ ಸುಮ್ಮನಿದ್ದು ಮುಂದೊಂದು ದಿನ ಮೀಸೊಥೆಲಿಯೋಮ ಎಂಬ ಅಪರೂಪದ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಕಲ್ನಾರಿಗೂ ಈ ಕ್ಯಾನ್ಸರಿಗೂ ಇರುವ ನಂಟನ್ನು ದಕ್ಷಿಣ ಆಫ್ರಿಕಾದ ಗಣಿ ಪ್ರದೇಶದ 33 ರೋಗಿಗಳ ಅಧ್ಯಯನದ ಮೂಲಕ ಜೆ.ಸಿ. ವ್ಯಾಗ್ನರ್ ಮತ್ತು ಸಂಗಡಿಗರು ಎತ್ತಿತೋರಿಸಿದ್ದು 1960ರಲ್ಲಿ. ಅಮೆರಿಕದಲ್ಲಿ ಕೊಳವೆಗಳಿಗೆ ಹೊದಿಕೆ ಸುತ್ತುವ ಕಾರ್ಮಿಕರ ಮೇಲಿನ ದುಷ್ಪರಿಣಾಮವನ್ನು ಡಾ. ಇರ್ವಿಂಗ್ ಸೆಲಿಕಾಫ್ 1964ರಲ್ಲಿ ಬಯಲಿಗೆ ತಂದರು. ಅಷ್ಟರಲ್ಲಿ ಮೆಕ್‌ಕ್ವೀನ್ ಆ ಹಡಗಿನಿಂದ ಇಳಿದು ದಶಕವೇ ಕಳೆದಿತ್ತು.

ಬೆಳ್ಳಿತೆರೆಯ ಏರುದಾರಿ

ಮಾಜಿ ಯೋಧರ ಶಿಕ್ಷಣಕ್ಕೆ ಸರ್ಕಾರ ನೀಡುತ್ತಿದ್ದ ನೆರವಿನಲ್ಲಿ 1952ರ ಸುಮಾರಿಗೆ ಮೆಕ್‌ಕ್ವೀನ್ ನ್ಯೂಯಾರ್ಕ್‌ನಲ್ಲಿ ಸ್ಯಾನ್‌ಫೋರ್ಡ್ ಮೈಸ್ನರ್ ಅವರ ಬಳಿ ಅಭಿನಯ ಕಲಿತರು. ವಾರಾಂತ್ಯದಲ್ಲಿ ಮೋಟಾರ್‌ಸೈಕಲ್ ಪಂದ್ಯಗಳಲ್ಲಿ ಗೆದ್ದ ಹಣವೇ ಜೀವನಕ್ಕೆ ಆಧಾರವಾಗಿತ್ತು. 1958ರಲ್ಲಿ 'ದಿ ಬ್ಲಾಬ್' ಚಿತ್ರದ ಮುಖ್ಯ ಪಾತ್ರ ದೊರೆಯಿತು. ಅದೇ ವರ್ಷ ಆರಂಭವಾದ 'ವಾಂಟೆಡ್: ಡೆಡ್ ಆರ್ ಅಲೈವ್' ಟಿವಿ ಧಾರಾವಾಹಿ ಅವರನ್ನು ಮನೆಮಾತಾಗಿಸಿತು.

ಮುಂದಿನದು ಯಶಸ್ಸಿನ ಸರಮಾಲೆ. 1963ರ 'ದಿ ಗ್ರೇಟ್ ಎಸ್ಕೇಪ್' ಚಿತ್ರದಲ್ಲಿ ನಾಜಿ ಸೆರೆಯಿಂದ ಮೋಟಾರ್‌ಸೈಕಲ್ ಏರಿ ಪಾರಾಗಲು ಯತ್ನಿಸುವ ಯೋಧನ ಪಾತ್ರ ಅವರಿಗೆ ಅಂತರರಾಷ್ಟ್ರೀಯ ಖ್ಯಾತಿ ತಂದಿತು. 1966ರ 'ದಿ ಸ್ಯಾಂಡ್ ಪೆಬಲ್ಸ್' ಆಸ್ಕರ್ ನಾಮಕರಣ ಗಳಿಸಿಕೊಟ್ಟಿತು. 1968ರ 'ಬುಲಿಟ್' ಚಿತ್ರದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ನಡೆಯುವ ಕಾರು ಬೆನ್ನಟ್ಟುವಿಕೆ ಚಿತ್ರರಂಗದ ಪಾಠವಾಯಿತು. 'ಪ್ಯಾಪಿಲೋನ್' ಮತ್ತು 'ದಿ ಟವರಿಂಗ್ ಇನ್‌ಫರ್ನೊ' ಚಿತ್ರಗಳ ನಂತರ, 1974ರ ವೇಳೆಗೆ ಜಗತ್ತಿನಲ್ಲೇ ಅತಿ ಹೆಚ್ಚು ಸಂಭಾವನೆ ಪಡೆಯುವ ನಟನೆಂಬ ಖ್ಯಾತಿ ಅವರದಾಯಿತು.

ತೆರೆಯ ಹೊರಗೂ ಅವರದು ಅಪಾಯದೊಂದಿಗಿನ ಆಟ. 1970ರಲ್ಲಿ ಫ್ಲಾರಿಡಾದ ಸೆಬ್ರಿಂಗ್‌ನಲ್ಲಿ ನಡೆದ 12 ಗಂಟೆಗಳ ಕಾರು ಪಂದ್ಯದಲ್ಲಿ, ಅಪಘಾತದಿಂದ ಮುರಿದಿದ್ದ ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಪೀಟರ್ ರೆವ್ಸನ್ ಜತೆಗೂಡಿ ಎರಡನೇ ಸ್ಥಾನ ಗಳಿಸಿದರು. ರೇಸ್ ಚಾಲಕರು ಆಗ ತೊಡುತ್ತಿದ್ದ ಬೆಂಕಿ ತಡೆಯುವ ಉಡುಪುಗಳಲ್ಲಿಯೂ ಕಲ್ನಾರು ಬಳಸಲಾಗುತ್ತಿತ್ತು. ಹೀಗಾಗಿ ಅವರ ಕಾಯಿಲೆಗೆ ಹಡಗಿನ ಕೊಳವೆಗಳೇ ಕಾರಣವೋ, ಈ ಉಡುಪುಗಳ ಪಾಲೂ ಇತ್ತೋ ಎಂಬುದನ್ನು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ಮೆಕ್‌ಕ್ವೀನ್ ವಿಪರೀತ ಸಿಗರೇಟು ಸೇದುತ್ತಿದ್ದರು. ಆದರೆ ಮೀಸೊಥೆಲಿಯೋಮಕ್ಕೆ ಧೂಮಪಾನ ಕಾರಣವಲ್ಲ ಎಂಬುದು ಇಲ್ಲಿ ಗಮನಾರ್ಹ.

ಅವರ ವೃತ್ತಿಜೀವನದಲ್ಲಿ ಯಾರೂ ಹೆಚ್ಚಾಗಿ ನೋಡದ ಚಿತ್ರವೊಂದಿದೆ. ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸನ್ ಅವರ 'ಆನ್ ಎನಿಮಿ ಆಫ್ ದಿ ಪೀಪಲ್' ನಾಟಕವನ್ನು ಆಧರಿಸಿ, 1976ರಲ್ಲಿ ಚಿತ್ರೀಕರಿಸಿ ನಂತರ ಸೀಮಿತವಾಗಿ ಬಿಡುಗಡೆಯಾದ ಚಿತ್ರವದು. ಗಡ್ಡ ಬೆಳೆಸಿ, ಕನ್ನಡಕ ಧರಿಸಿ, ಗುರುತೇ ಸಿಗದಂತೆ ಮೆಕ್‌ಕ್ವೀನ್ ಅದರಲ್ಲಿ ಡಾ. ಸ್ಟಾಕ್‌ಮನ್ ಪಾತ್ರ ವಹಿಸಿದ್ದರು. ಊರಿಗೆ ಹಣ ತರುವ ಆರೋಗ್ಯ ಸ್ನಾನಗೃಹದ ನೀರು ಕಲುಷಿತವಾಗಿದೆ ಎಂಬ ಕಹಿ ಸತ್ಯ ಹೇಳಿ ಜನರ ವೈರ ಕಟ್ಟಿಕೊಳ್ಳುವ ವೈದ್ಯನ ಕಥೆಯದು. ನಾಲ್ಕೇ ವರ್ಷಗಳಲ್ಲಿ ಕಹಿ ಸತ್ಯ ಕೇಳಿಸಿಕೊಳ್ಳುವ ಸರದಿ ಸ್ವತಃ ಅವರದಾಯಿತು.

ನಿಲ್ಲದ ಕೆಮ್ಮು

1978ರಲ್ಲಿ ಅಂಟಿಕೊಂಡ ಕೆಮ್ಮು ಮದ್ದಿಗೆ ಬಗ್ಗಲಿಲ್ಲ. ಸಿಗರೇಟು ಬಿಟ್ಟರೂ, ಆ್ಯಂಟಿಬಯಾಟಿಕ್ ಸೇವಿಸಿದರೂ ಗುಣ ಕಾಣಲಿಲ್ಲ. 1979ರಲ್ಲಿ 'ದಿ ಹಂಟರ್' ಚಿತ್ರೀಕರಣ ಮುಗಿಯುವ ಹೊತ್ತಿಗೆ ನಾಲ್ಕು ಹೆಜ್ಜೆ ಓಡಿದರೂ ಏದುಸಿರು ಬರುತ್ತಿತ್ತು. ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್ ಸೈನಾಯ್ ಆಸ್ಪತ್ರೆಯಲ್ಲಿ ಎದೆಯ ಅಂಗಾಂಶ ಪರೀಕ್ಷೆ ನಡೆಯಿತು. ಫಲಿತಾಂಶ ಮೀಸೊಥೆಲಿಯೋಮ.

ಅಂದಿನ ವೈದ್ಯವಿಜ್ಞಾನದ ಬಳಿ ಇದಕ್ಕೆ ಉತ್ತರವಿರಲಿಲ್ಲ. ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕುವ ಹಂತವನ್ನು ಕಾಯಿಲೆ ದಾಟಿತ್ತು. ವಿಕಿರಣ ಮತ್ತು ಕಿಮೊಥೆರಪಿಗಳಿಂದ ಈ ಬಗೆಯ ಕ್ಯಾನ್ಸರಿನಲ್ಲಿ ಆಗ ದೊರೆಯುತ್ತಿದ್ದ ಪ್ರಯೋಜನ ಅತ್ಯಲ್ಪ. 1980ರ ಜನವರಿಯಲ್ಲಿ ಮೆಕ್‌ಕ್ವೀನ್ ಬಾರ್ಬರಾ ಮಿಂಟಿ ಅವರನ್ನು ವಿವಾಹವಾದರು. ಅದು ಅವರ ಮೂರನೇ ಮದುವೆ. ಫೆಬ್ರವರಿ ವೇಳೆಗೆ ಕಾಯಿಲೆ ದೇಹದ ಇತರ ಭಾಗಗಳಿಗೂ ಹರಡಿರುವುದು ಖಚಿತವಾಯಿತು. ಆಯುಷ್ಯ ಹೆಚ್ಚಿಸಲು ತಮ್ಮಿಂದ ಸಾಧ್ಯವಾಗುವಂಥದ್ದು ಏನೂ ಉಳಿದಿಲ್ಲವೆಂದು ವೈದ್ಯರು ತಿಳಿಸಿದರು. ಮಾರ್ಚ್‌ನಲ್ಲಿ ಪತ್ರಿಕೆಯೊಂದು ಅವರ ಕಾಯಿಲೆಯ ಸುದ್ದಿ ಪ್ರಕಟಿಸಿದಾಗ ಅವರು ಅದನ್ನು ಅಲ್ಲಗಳೆದರು. ಆದರೆ ಒಳಗೊಳಗೇ ಬೇರೆ ದಾರಿಯ ಶೋಧ ಆರಂಭವಾಗಿತ್ತು.

ಇಲ್ಲೊಂದು ಸೂಕ್ಷ್ಮವನ್ನು ಮರೆಯಬಾರದು. ಮೆಕ್‌ಕ್ವೀನ್ ಗುಣವಾಗುವ ಕಾಯಿಲೆಯ ಚಿಕಿತ್ಸೆಯನ್ನು ಧಿಕ್ಕರಿಸಿದವರಲ್ಲ. ಎಲ್ಲ ಬಾಗಿಲು ಮುಚ್ಚಿದೆ ಎಂಬ ಮಾತು ಕೇಳಿದ ಮೇಲೆ, ತೆರೆದಿದೆ ಎಂದು ಕೂಗುತ್ತಿದ್ದ ಬಾಗಿಲಿನತ್ತ ನಡೆದವರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅದನ್ನು ಹಿಡಿದವನನ್ನು ದೂರಲಾಗದು. ಹುಲ್ಲುಕಡ್ಡಿಯನ್ನು ಹಡಗೆಂದು ಮಾರಿದವರ ಕಥೆ ಬೇರೆ.

ಏಪ್ರಿಕಾಟ್ ಬೀಜದ ಮಾಯೆ

ಆ ದಿನಗಳಲ್ಲಿ ಅಮೆರಿಕದಾದ್ಯಂತ ಹಬ್ಬಿದ್ದ ಹೆಸರು ಲೇಟ್ರೈಲ್. ಕಹಿ ಬಾದಾಮಿ ಮತ್ತು ಏಪ್ರಿಕಾಟ್ ಹಣ್ಣಿನ ಬೀಜಗಳಲ್ಲಿರುವ ಅಮಿಗ್ಡಲಿನ್ ಎಂಬ ರಾಸಾಯನಿಕವನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞರು 1830ರಲ್ಲೇ ಬೇರ್ಪಡಿಸಿದ್ದರು. ಅದನ್ನೇ ಹೋಲುವ ವಸ್ತುವನ್ನು ಅರ್ನ್‌ಸ್ಟ್ ಕ್ರೆಬ್ಸ್ ಮತ್ತು ಅದೇ ಹೆಸರಿನ ಅವರ ಮಗ 1950ರ ದಶಕದಲ್ಲಿ ಲೇಟ್ರೈಲ್ ಎಂಬ ಹೆಸರಿನಲ್ಲಿ ಪ್ರಚುರಪಡಿಸಿದರು. ಮುಂದೆ ಮಗ ಕ್ರೆಬ್ಸ್ ಅದಕ್ಕೆ ವಿಟಮಿನ್ ಬಿ17 ಎಂದು ನಾಮಕರಣ ಮಾಡಿ, ಕ್ಯಾನ್ಸರ್ ಎಂದರೆ ಈ ವಿಟಮಿನ್‌ನ ಕೊರತೆ ಎಂದು ಸಾರಿದರು. ವಾಸ್ತವದಲ್ಲಿ ಅದು ವಿಟಮಿನ್ನೇ ಅಲ್ಲ. ಅದಿಲ್ಲದೆ ಯಾರಿಗೂ ಯಾವ ಕಾಯಿಲೆಯೂ ಬರುವುದಿಲ್ಲ. ತದ್ವಿರುದ್ಧವಾಗಿ, ಬಾಯಿಯ ಮೂಲಕ ಸೇವಿಸಿದಾಗ ಕರುಳಿನಲ್ಲಿ ಒಡೆದು ಸೈನೈಡ್ ಎಂಬ ಘೋರ ವಿಷವನ್ನು ಬಿಡುಗಡೆ ಮಾಡುತ್ತದೆ.

ಆದರೂ 1978ರ ಹೊತ್ತಿಗೆ 70,000ಕ್ಕೂ ಹೆಚ್ಚು ಅಮೆರಿಕನ್ನರು ಲೇಟ್ರೈಲ್ ಬಳಸಿದ್ದರೆಂಬ ಅಂದಾಜಿದೆ. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಜನರ ಒತ್ತಡಕ್ಕೆ ಮಣಿದು ಅದರ ಬಳಕೆಗೆ ಅವಕಾಶ ನೀಡುವ ಕಾನೂನು ಮಾಡಿದವು. ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸಾವಿನಂಚಿನಲ್ಲಿರುವ ರೋಗಿಗಳಿಗೂ ಔಷಧದ ಸುರಕ್ಷತೆ ಮತ್ತು ಪರಿಣಾಮದ ನಿಯಮಗಳು ಅನ್ವಯಿಸುತ್ತವೆ, ಅವರಿಗಾಗಿ ಕಾನೂನಿನಲ್ಲಿ ವಿನಾಯಿತಿ ಇಲ್ಲ ಎಂದು ನ್ಯಾಯಾಲಯ 1979ರ ಜೂನ್‌ನಲ್ಲಿ ಒಮ್ಮತದ ತೀರ್ಪು ನೀಡಿತು. ಕಾನೂನಿನ ಬಿಗಿ ಹೆಚ್ಚಿದಂತೆ ವ್ಯಾಪಾರ ಗಡಿಯಾಚೆ ಸರಿಯಿತು. ಮೆಕ್ಸಿಕೊದ ಟಿವಾನಾ ಮತ್ತು ಸುತ್ತಲ ಊರುಗಳು ಇಂಥ ಚಿಕಿತ್ಸಾಲಯಗಳ ತಾಣವಾದವು.

ಇದೇ ಟಿವಾನಾಗೆ 1979ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ದಂಪತಿ ತಮ್ಮ ಪುಟ್ಟ ಮಗನನ್ನು ಕರೆತಂದಿದ್ದರು. ಮಗುವಿಗೆ ರಕ್ತದ ಕ್ಯಾನ್ಸರ್. ಕಿಮೊಥೆರಪಿಯಿಂದ ಕಾಯಿಲೆ ಹಿಡಿತಕ್ಕೆ ಬಂದಿತ್ತು. ಚಿಕಿತ್ಸೆ ಮುಂದುವರಿಸಬೇಕೆಂಬ ನ್ಯಾಯಾಲಯದ ಆದೇಶವನ್ನು ಮೀರಿ, ಲೇಟ್ರೈಲ್ ಮೇಲೆ ಭರವಸೆಯಿಟ್ಟು ಅವರು ಗಡಿ ದಾಟಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಮಗು ತೀರಿಕೊಂಡಾಗ ಅದಕ್ಕೆ ಮೂರು ವರ್ಷ. ಮೆಕ್‌ಕ್ವೀನ್ ಪಾಲಿಗೆ ಬೇರೆ ಆಯ್ಕೆಯಿರಲಿಲ್ಲ ಎನ್ನಬಹುದು. ಆ ಮಗುವಿಗೆ ಇತ್ತು.

ದಂತವೈದ್ಯನ ಕ್ಯಾನ್ಸರ್ ಶಾಸ್ತ್ರ

ಮೆಕ್‌ಕ್ವೀನ್ ನಂಬಿದ ವ್ಯಕ್ತಿ ವಿಲಿಯಂ ಡೊನಾಲ್ಡ್ ಕೆಲ್ಲಿ. ಟೆಕ್ಸಾಸ್‌ನ ಗ್ರೇಪ್‌ವೈನ್ ಎಂಬ ಊರಿನಲ್ಲಿ ವಕ್ರದಂತಗಳನ್ನು ಸರಿಪಡಿಸುತ್ತಿದ್ದ ದಂತವೈದ್ಯ. ತನಗೆ ಬಂದಿದ್ದ ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಆಹಾರ ಕ್ರಮದಿಂದ ತಾನೇ ವಾಸಿಮಾಡಿಕೊಂಡೆ ಎಂಬುದು ಅವರ ವಾದ. ಅದಕ್ಕೆ ಅಂಗಾಂಶ ಪರೀಕ್ಷೆಯ ಆಧಾರವಿರಲಿಲ್ಲ. ದೇಹದಲ್ಲಿ ಜೀರ್ಣಕಾರಿ ಕಿಣ್ವಗಳ ಕೊರತೆಯಾದಾಗ ಕ್ಯಾನ್ಸರ್ ಬೆಳೆಯುತ್ತದೆ, ಕಿಣ್ವ ಕೊಟ್ಟು ದೇಹದ ವಿಷ ಹೊರಹಾಕಿದರೆ ಗೆಡ್ಡೆ ಕರಗುತ್ತದೆ ಎಂದು ಅವರು ಪ್ರತಿಪಾದಿಸುತ್ತಿದ್ದರು. ಈ ಕಿಣ್ವವಾದದ ಬೇರು ಸ್ಕಾಟ್ಲೆಂಡಿನ ಭ್ರೂಣಶಾಸ್ತ್ರಜ್ಞ ಜಾನ್ ಬಿಯರ್ಡ್ ಅವರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಂಡಿಸಿ, ಪರೀಕ್ಷೆಯಲ್ಲಿ ನಿಲ್ಲದೆ ಹೋದ ಸಿದ್ಧಾಂತದಲ್ಲಿದೆ. ದೇಹಶುದ್ಧಿಯ ಪಾಠ ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದಿದ್ದ ಮ್ಯಾಕ್ಸ್ ಗರ್ಸನ್ ಅವರ ಆಹಾರ ಪದ್ಧತಿಯನ್ನು ಹೋಲುತ್ತಿತ್ತು. ಪರವಾನಗಿಯಿಲ್ಲದೆ ವೈದ್ಯಕೀಯ ನಡೆಸಿದ ಆರೋಪದಲ್ಲಿ 1970ರಲ್ಲಿ ಟೆಕ್ಸಾಸ್ ನ್ಯಾಯಾಲಯ ಕೆಲ್ಲಿಯನ್ನು ತಪ್ಪಿತಸ್ಥನೆಂದು ಘೋಷಿಸಿತ್ತು. 1976ರಲ್ಲಿ ದಂತವೈದ್ಯಕೀಯ ಪರವಾನಗಿಯ ಮೇಲೂ ಕ್ರಮ ಜರುಗಿತ್ತು.

ಇಷ್ಟೆಲ್ಲ ದಾಖಲೆ ಬಹಿರಂಗವಾಗಿದ್ದರೂ ಕೆಲ್ಲಿಯ ಮಾತಿಗೆ ಮರುಳಾದವರು ಕಡಿಮೆಯಿರಲಿಲ್ಲ. ಆಸ್ಪತ್ರೆಯ ವೈದ್ಯರು ಶೇಕಡಾವಾರು ಲೆಕ್ಕದಲ್ಲಿ, ಅಳೆದು ತೂಗಿ ಮಾತನಾಡುತ್ತಿದ್ದರು. ಕೆಲ್ಲಿಯ ಮಾತಿನಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ರೋಗಿ ತನ್ನ ದೇಹದ ಯಜಮಾನ ತಾನೇ ಎಂದು ಭಾವಿಸುವಂತೆ ಅವರು ಮಾಡುತ್ತಿದ್ದರು. ಬಾಲ್ಯದಿಂದಲೂ ಯಾರ ಅಂಕೆಗೂ ಸಿಗದೆ, ಸ್ವಂತ ಬಲದಿಂದ ಮೇಲೆದ್ದು ಬಂದ ವ್ಯಕ್ತಿಗೆ ಇದಕ್ಕಿಂತ ಆಪ್ಯಾಯಮಾನವಾದ ಮಾತು ಮತ್ತೊಂದಿರಲಾರದು.

ಮೆಕ್ಸಿಕೊದ ಮೂರು ತಿಂಗಳು

1980ರ ಜುಲೈನಲ್ಲಿ ಮೆಕ್‌ಕ್ವೀನ್ ಮೆಕ್ಸಿಕೊದ ರೊಸಾರಿಟೊ ಬೀಚ್ ಸಮೀಪದ ಚಿಕಿತ್ಸಾಲಯಕ್ಕೆ ಗುಟ್ಟಾಗಿ ದಾಖಲಾದರು. ದಿನವೂ ಹತ್ತಾರು ಕಿಣ್ವ ಮತ್ತು ವಿಟಮಿನ್ ಮಾತ್ರೆ, ಲೇಟ್ರೈಲ್, ದನ ಹಾಗೂ ಕುರಿಯ ಜೀವಕೋಶಗಳಿರುವ ದ್ರವದ ಚುಚ್ಚುಮದ್ದು, ಅಂಗಮರ್ದನ, ಕಾಫಿ ಕಷಾಯದ ಎನಿಮಾ ಇವು ಅಲ್ಲಿನ ಚಿಕಿತ್ಸೆ. ಇದಕ್ಕಾಗಿ ಅವರು ತಿಂಗಳಿಗೆ 40,000 ಡಾಲರ್‌ವರೆಗೆ ವ್ಯಯಿಸಿದರೆಂದು ವರದಿಯಾಗಿದೆ. ಕಾಫಿ ಎನಿಮಾ ನಿರಪಾಯಕಾರಿಯೂ ಆಗಿರಲಿಲ್ಲ. ಅತಿಯಾಗಿ ಬಳಸಿದಾಗ ದೇಹದ ಲವಣಗಳ ಸಮತೋಲನ ತಪ್ಪುತ್ತದೆ. ಅದರಿಂದ ಸಂಭವಿಸಿದ ಎರಡು ಸಾವುಗಳ ವರದಿ ಅದೇ 1980ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿತ್ತು.

ಅಕ್ಟೋಬರ್ ಆರಂಭದಲ್ಲಿ ಗುಟ್ಟು ರಟ್ಟಾಯಿತು. ತಮಗೆ ಮೀಸೊಥೆಲಿಯೋಮ ಇರುವುದನ್ನೂ ಮೆಕ್ಸಿಕೊದಲ್ಲಿ ಚಿಕಿತ್ಸೆ ಪಡೆಯುತ್ತಿರುವುದನ್ನೂ ಮೆಕ್‌ಕ್ವೀನ್ ಬಹಿರಂಗಪಡಿಸಿದರು. ತಮ್ಮ ಜೀವ ಉಳಿಸಲು ನೆರವಾಗುತ್ತಿರುವುದಕ್ಕಾಗಿ ಮೆಕ್ಸಿಕೊ ಜನತೆಗೆ ಕೃತಜ್ಞತೆ ಸಲ್ಲಿಸಿದ ಅವರ ಧ್ವನಿಮುದ್ರಿತ ಸಂದೇಶವೂ ಪ್ರಸಾರವಾಯಿತು. ಗುರುತೇ ಸಿಗದಷ್ಟು ಕ್ಷೀಣಿಸಿದ್ದ ಧ್ವನಿಯದು. ಇತ್ತ ಕೆಲ್ಲಿ, ಮೆಕ್‌ಕ್ವೀನ್ ಸಂಪೂರ್ಣ ಗುಣಮುಖರಾಗಿ ಸಹಜ ಜೀವನಕ್ಕೆ ಮರಳಲಿದ್ದಾರೆಂದು ಸಾರ್ವಜನಿಕವಾಗಿ ಘೋಷಿಸಿದರು. ಅಮೆರಿಕದ ಕ್ಯಾನ್ಸರ್ ತಜ್ಞರು ಎಚ್ಚರಿಕೆ ನೀಡುತ್ತಿದ್ದರೂ ಜನರ ಕಿವಿಗೆ ಬಿದ್ದಿದ್ದು ಚಿತ್ರತಾರೆಯ ಹೆಸರು. ಹಾಸಿಗೆ ಹಿಡಿದಿದ್ದ ರೋಗಿ ತನಗೆ ಅರಿವಿಲ್ಲದೆಯೇ ಒಂದು ವ್ಯಾಪಾರದ ಜಾಹೀರಾತಾಗಿಬಿಟ್ಟಿದ್ದರು.

ಹ್ವಾರೆಸ್‌ನ ಶಸ್ತ್ರಚಿಕಿತ್ಸೆ

ಘೋಷಣೆ ಒಂದು ಕಡೆ, ದೇಹದ ಸ್ಥಿತಿ ಇನ್ನೊಂದು ಕಡೆ. ಅಕ್ಟೋಬರ್‌ನಲ್ಲಿ ಅಮೆರಿಕಕ್ಕೆ ಮರಳಿದ ಮೆಕ್‌ಕ್ವೀನ್ ಅವರ ಹೊಟ್ಟೆಯಲ್ಲಿ ಭಾರಿ ಗಾತ್ರದ ಗೆಡ್ಡೆಗಳು ಬೆಳೆದಿದ್ದವು. ಅವುಗಳನ್ನು ತೆಗೆಯುವುದು ಸಾಧ್ಯವಿಲ್ಲ, ಶಸ್ತ್ರಚಿಕಿತ್ಸೆಯನ್ನು ಹೃದಯ ತಾಳಲಾರದು ಎಂದು ಅಮೆರಿಕದ ವೈದ್ಯರು ಎಚ್ಚರಿಸಿದರು. ಆದರೆ ಗಡಿಪಟ್ಟಣ ಹ್ವಾರೆಸ್‌ನ ಶಸ್ತ್ರಚಿಕಿತ್ಸಕರೊಬ್ಬರು ಸಿದ್ಧರಿದ್ದರು. ನೋವಿನಿಂದ ಬಿಡುಗಡೆ ದೊರೆತರೆ ಸಾಕೆಂಬ ಸ್ಥಿತಿಯಲ್ಲಿದ್ದ ಮೆಕ್‌ಕ್ವೀನ್ ನವೆಂಬರ್ ಮೊದಲ ವಾರ ಸ್ಯಾಮ್ಯುಯೆಲ್ ಶೆಪರ್ಡ್ ಎಂಬ ಸುಳ್ಳು ಹೆಸರಿನಲ್ಲಿ ಅಲ್ಲಿಗೆ ದಾಖಲಾದರು.

ಯಕೃತ್ತಿನ ಮೇಲೆ ಬೆಳೆದಿದ್ದ, ಎರಡು ಕಿಲೋಗೂ ಮಿಕ್ಕಿ ತೂಗುತ್ತಿದ್ದ ಗೆಡ್ಡೆಯನ್ನು ಹೊರತೆಗೆಯಲಾಯಿತು. ಶಸ್ತ್ರಚಿಕಿತ್ಸೆಯ ನಂತರ ಸುಮಾರು 12 ಗಂಟೆಗಳಲ್ಲಿ, ನವೆಂಬರ್ 7ರ ನಸುಕಿನಲ್ಲಿ ಹೃದಯಾಘಾತದಿಂದ ಅವರು ಕೊನೆಯುಸಿರೆಳೆದರು. ಪಾರ್ಥಿವ ಶರೀರವನ್ನು ದಹಿಸಿ ಚಿತಾಭಸ್ಮವನ್ನು ಪೆಸಿಫಿಕ್ ಸಾಗರದಲ್ಲಿ ವಿಸರ್ಜಿಸಲಾಯಿತು.

ಕೆಲ್ಲಿ ಬಳಗ ಸೋಲೊಪ್ಪಿಕೊಳ್ಳಲಿಲ್ಲ. ಗುಣವಾದರೆ ಚಿಕಿತ್ಸೆಯ ಗೆಲುವು, ಸತ್ತರೆ ರೋಗಿ ತಡವಾಗಿ ಬಂದಿದ್ದ ಅಥವಾ ಪಥ್ಯ ಮುರಿದಿದ್ದ ಎಂಬ ವಾದ ಇಂಥ ಎಲ್ಲ ಪದ್ಧತಿಗಳ ಸ್ಥಾಯೀಭಾವ. ಅಲ್ಲಿ ವಿಫಲರಾದವರ ಲೆಕ್ಕ ಇಡುವ ಪದ್ಧತಿ ಇಲ್ಲ. ಬದುಕುಳಿದವರು ಮಾತ್ರ ಕಥೆ ಹೇಳುತ್ತಾರೆ.

ಪರೀಕ್ಷೆಗೆ ನಿಂತಾಗ

ಆದರೆ ಲೆಕ್ಕ ಇಡುವ ಕೆಲಸವನ್ನು ವಿಜ್ಞಾನ ಮಾಡಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಶ್ರಯದಲ್ಲಿ ಮೇಯೊ ಕ್ಲಿನಿಕ್‌ನ ಡಾ. ಚಾರ್ಲ್ಸ್ ಮೋರ್ಟೆಲ್ ನೇತೃತ್ವದಲ್ಲಿ 178 ರೋಗಿಗಳ ಮೇಲೆ ಲೇಟ್ರೈಲ್ ಪರೀಕ್ಷೆ ನಡೆಯಿತು. ಪಥ್ಯಾಹಾರ, ಕಿಣ್ವ, ವಿಟಮಿನ್‌ಗಳನ್ನೂ ಜತೆಗೆ ನೀಡಲಾಯಿತು. 1982ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಯಾರಿಗೂ ಕಾಯಿಲೆ ವಾಸಿಯಾಗಲಿಲ್ಲ, ಆಯುಷ್ಯ ಹೆಚ್ಚಲಿಲ್ಲ. ಬದಲಿಗೆ ಹಲವರಲ್ಲಿ ಸೈನೈಡ್ ವಿಷದ ಲಕ್ಷಣಗಳು ಕಂಡುಬಂದವು.

ಕೆಲ್ಲಿಯ ಕಿಣ್ವ ಚಿಕಿತ್ಸೆಗೂ ಪರೀಕ್ಷೆಯ ದಿನ ಬಂತು. ಆ ಪದ್ಧತಿಯನ್ನು ನ್ಯೂಯಾರ್ಕ್‌ನಲ್ಲಿ ಮುಂದುವರಿಸಿದ್ದವರು ನಿಕೊಲಸ್ ಗೊಂಜಾಲೆಸ್. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 55 ರೋಗಿಗಳಲ್ಲಿ ಕಿಣ್ವ ಚಿಕಿತ್ಸೆ ಆಯ್ದುಕೊಂಡವರನ್ನೂ ಕಿಮೊಥೆರಪಿ ಆಯ್ದುಕೊಂಡವರನ್ನೂ ಹೋಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕಿಮೊಥೆರಪಿ ಪಡೆದವರ ಮಧ್ಯಕ ಜೀವಿತಾವಧಿ 14 ತಿಂಗಳು. ಕಿಣ್ವ ಚಿಕಿತ್ಸೆ ಪಡೆದವರದು 4.3 ತಿಂಗಳು. ಕೊನೆಯ ದಿನಗಳ ನೆಮ್ಮದಿಯಲ್ಲೂ ಕಿಮೊಥೆರಪಿ ಪಡೆದವರೇ ಮೇಲಿದ್ದರು. ನೈಸರ್ಗಿಕ ಚಿಕಿತ್ಸೆ ಗುಣಪಡಿಸದಿದ್ದರೂ ನೋವು ಕೊಡುವುದಿಲ್ಲ ಎಂಬ ಜನಪ್ರಿಯ ನಂಬಿಕೆಗೆ ಈ ಅಂಕಿಅಂಶ ವ್ಯತಿರಿಕ್ತವಾಗಿತ್ತು.

ಗುಣವಾಗಬಲ್ಲ ಹಂತದಲ್ಲಿ ಕ್ಯಾನ್ಸರ್ ಪತ್ತೆಯಾದವರು ದಾರಿ ತಪ್ಪಿದರೆ ಆಗುವ ನಷ್ಟ ಇನ್ನೂ ದೊಡ್ಡದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಪದ್ಧತಿಯನ್ನಷ್ಟೇ ನೆಚ್ಚಿಕೊಂಡ ರೋಗಿಗಳ ಸಾವಿನ ಸಂಭವ ಇತರರಿಗಿಂತ ಎರಡೂವರೆ ಪಟ್ಟು ಹೆಚ್ಚಾಗಿತ್ತು. ಸ್ತನ ಕ್ಯಾನ್ಸರಿನಲ್ಲಿ ಈ ಅಂತರ ಐದು ಪಟ್ಟು ಮೀರಿತ್ತು.

ಹೇಳದೆ ಉಳಿದ ಮಾತು

ಲೇಟ್ರೈಲ್ ಹಿಂದೆ ಹೋಗದಿದ್ದರೆ ಮೆಕ್‌ಕ್ವೀನ್ ಬದುಕುತ್ತಿದ್ದರೇ? ಇಲ್ಲವೆಂಬುದೇ ಪ್ರಾಮಾಣಿಕ ಉತ್ತರ. 1980ರಲ್ಲಿ ಅವರ ಕಾಯಿಲೆಗೆ ಮದ್ದಿರಲಿಲ್ಲ. ಮೀಸೊಥೆಲಿಯೋಮ ರೋಗಿಗಳ ಆಯುಷ್ಯವನ್ನು ತುಸು ಹೆಚ್ಚಿಸಬಲ್ಲ ಔಷಧ ಜೋಡಿಗೆ ಅಮೆರಿಕದಲ್ಲಿ ಅನುಮತಿ ದೊರೆತಿದ್ದು 2004ರಲ್ಲಿ. ದೇಹದ ರೋಗನಿರೋಧಕ ಶಕ್ತಿಯನ್ನು ಬಳಸಿಕೊಳ್ಳುವ ಹೊಸ ಚಿಕಿತ್ಸೆ ಬಂದಿದ್ದು 2020ರಲ್ಲಿ. ಅವು ಬಂದಿದ್ದು ಸಾವಿರಾರು ರೋಗಿಗಳ ಮೇಲೆ ಎಚ್ಚರಿಕೆಯಿಂದ ನಡೆಸಿದ ಪರೀಕ್ಷೆಗಳಿಂದಲೇ ಹೊರತು ಘೋಷಣೆಗಳಿಂದಲ್ಲ.

ಹಾಗಾದರೆ ಅವರು ಕಳೆದುಕೊಂಡಿದ್ದೇನು? ಹಣ ಅವರಿಗೆ ದೊಡ್ಡ ವಿಷಯವಾಗಿರಲಿಲ್ಲ. ಕಳೆದುಕೊಂಡಿದ್ದು ಸಮಯವನ್ನು. ಕ್ಯಾಲಿಫೋರ್ನಿಯಾದ ಸಾಂಟಾ ಪೌಲಾದಲ್ಲಿ ಅವರು ಹಳೆಯ ವಿಮಾನ ಕೊಂಡು ಹಾರಾಟ ಕಲಿತಿದ್ದರು. ನೆಮ್ಮದಿಯ ನೆಲೆಯೊಂದನ್ನು ತಡವಾಗಿಯಾದರೂ ಕಂಡುಕೊಂಡಿದ್ದರು. ಪತ್ನಿ ಮತ್ತು ಇಬ್ಬರು ಮಕ್ಕಳೊಂದಿಗೆ ಅಲ್ಲಿ ಕಳೆಯಬಹುದಾಗಿದ್ದ ತಿಂಗಳುಗಳು ಎನಿಮಾ, ಚುಚ್ಚುಮದ್ದುಗಳ ನಡುವೆ ಕರಗಿಹೋದವು. ಗುಣವಾಗದ ರೋಗಿಯ ನೋವು ಶಮನಗೊಳಿಸಿ, ಘನತೆಯಿಂದ ಬೀಳ್ಕೊಡುವ ಆರೈಕೆ ಕೇಂದ್ರಗಳು ಆಗಿನ್ನೂ ಅಮೆರಿಕದಲ್ಲಿ ಹೊಸದಾಗಿ ತಲೆಯೆತ್ತುತ್ತಿದ್ದವು. ಗುಣಪಡಿಸಲಾಗದು ಎಂಬ ಮಾತಿನ ಜತೆಗೆ, ಆದರೂ ಕೈಬಿಡುವುದಿಲ್ಲ ಎಂಬ ಇನ್ನೊಂದು ಮಾತು ಸೇರಿದ್ದರೆ ಎಷ್ಟೋ ರೋಗಿಗಳು ಗಡಿ ದಾಟುತ್ತಿರಲಿಲ್ಲ. ವೈದ್ಯರು ತೆರವು ಬಿಟ್ಟ ಜಾಗದಲ್ಲಿಯೇ ಹುಸಿ ಮದ್ದಿನ ಅಂಗಡಿ ತೆರೆದುಕೊಳ್ಳುತ್ತದೆ.

ಇನ್ನು, ಈ ಸಾವಿನ ನಿಜವಾದ ಕಾರಣ ಲೇಟ್ರೈಲ್ ಗದ್ದಲದಲ್ಲಿ ಹಿನ್ನೆಲೆಗೆ ಸರಿಯಿತು. ಮೆಕ್‌ಕ್ವೀನ್ ಪ್ರಾಣ ತೆಗೆದಿದ್ದು ವಿಟಮಿನ್ ಕೊರತೆಯಲ್ಲ, ಕಿಣ್ವದ ಅಭಾವವಲ್ಲ. ತಡೆಯಬಹುದಾಗಿದ್ದ ಕಲ್ನಾರಿನ ದೂಳು. ಅದರ ಕೊನೆಯ ಬಗೆಯನ್ನು ಅಮೆರಿಕ ನಿಷೇಧಿಸಲು ನಿರ್ಧರಿಸಿದ್ದು 2024ರ ಮಾರ್ಚ್‌ನಲ್ಲಿ, ಅವರು ತೀರಿಕೊಂಡ 43 ವರ್ಷಗಳ ನಂತರ. ಭಾರತದಲ್ಲಿ ಕಲ್ನಾರು ಕಾರ್ಮಿಕರ ಆರೋಗ್ಯ ರಕ್ಷಣೆ ಅವರ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಸಾರಿದೆ. ಆದರೂ ಕರ್ನಾಟಕದ ಹಳ್ಳಿ ಪಟ್ಟಣಗಳ ಲೆಕ್ಕವಿಲ್ಲದಷ್ಟು ಮನೆ, ಶೆಡ್ಡುಗಳ ಮೇಲೆ ಕಲ್ನಾರಿನ ಶೀಟುಗಳಿವೆ. ಅವನ್ನು ಕೊಯ್ಯುವವರು, ಒಡೆಯುವವರು ಮೂಗಿಗೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ದುಡಿಯುವುದು ಸಾಮಾನ್ಯ ದೃಶ್ಯ. ಪವಾಡದ ಮದ್ದುಗಳ ಮೇಲಿನ ಕುತೂಹಲದಲ್ಲಿ ಒಂದಿಷ್ಟು ಪಾಲು ಈ ದೂಳಿನ ಮೇಲೆ ಹರಿದರೂ ಮುಂದಿನ ತಲೆಮಾರಿನ ಹಲವರಿಗೆ ಮದ್ದಿನ ಹುಡುಕಾಟವೇ ಬೇಕಾಗದು.